ಬಿಣಗಾ ಬಂಗಲೆಯ ಮಾಡು

"ಹಂಚು ಇಳ್ಸೂಕೆ ಬಂದಂವ ಜಗಲಿ ಮೇಲೆ ಕಾಲಿಡ್ತ್ಯೇನೋ, ಬೋಳಿಮಗನೆ? ಹಿತ್ಲ ಬದಿಗೆ ಸಾಯಿ."

ಪುಂಡಲೀಕ ಒಡೆಯ ಹೀಗೆ ಬೈದಾಗ ಜಟ್ಟ ಜಗಲಿಯಿಂದ ಕಾಲು ತೆಗೆದ. ತನ್ನ ಬಿದಿರೇಣಿ ಹೊತ್ತು ಹಿತ್ತಿಲಿಗೆ ಸುತ್ತಿ ಹೋದ.

ಬಿಣಗಾದ ಗುಡ್ಡದ ಮೇಲಿನ ಆ ಬಂಗಲೆ ಈಗ ಹೋಮ್‌ಸ್ಟೇ. ಅದರ ಚರಿತ್ರೆಯನ್ನು ಒಡೆಯ ಬಂದವರಿಗೆಲ್ಲ ಹೇಳುವುದನ್ನು ಹಂಚು ಹೊದಿಸುತ್ತ ಮಾಡಿನ ಮೇಲಿಂದ ಕೇಳಿ ಕೇಳಿ ಜಟ್ಟನಿಗೂ ಬಾಯಿಪಾಠವಾಗಿತ್ತು. ಕಟ್ಟಿಸಿದವ ಯಾರೋ ಬಿಳಿ ಸಾಹೇಬ. ಮೊದಲು ಹುಲ್ಲಿನ ಮಾಡು, ಆಮೇಲೆ ಹಂಚು. ಎರಡಡಿ ದಪ್ಪದ ಚಿರೇಕಲ್ಲಿನ ಗೋಡೆ, ನಾಲ್ಕೂ ಕಡೆ ಜಗಲಿ, ಸೆಕೆ ಮೇಲೇರಿ ಹೋಗಲೆಂದು ಅಷ್ಟೆತ್ತರದ ಮಾಡು. ಕಲ್ಲು ಹೊತ್ತವರ ಸುದ್ದಿ ಅದರಲ್ಲಿರಲಿಲ್ಲ. ಜಟ್ಟನ ತಮ್ಮ ಮಾಸ್ತಿಯ ಸುದ್ದಿಯೂ ಇರಲಿಲ್ಲ.

ಹೋದ ವರ್ಷ ಇದೇ ಮಾಡಿನ ಹಂಚಿನಡಿಯ ಮರದ ಪಕಾಸು ಗೆದ್ದಲು ಹಿಡಿದು ಮುರಿದು ಮಾಸ್ತಿ ನಡುಮನೆಯೊಳಗೆ ಬಿದ್ದು ಸತ್ತಿದ್ದ. ಪೊಲೀಸರು ಬರುವಷ್ಟರಲ್ಲಿ ಒಡೆಯ ಹೆಣವನ್ನು ತೋಟಕ್ಕೆ ಹೊರಿಸಿ, ತೆಂಗಿನ ಮರದಿಂದ ಬಿದ್ದನೆಂದು ಬರೆಸಿದ. ಮಾಸ್ತಿಯ ಹೆಂಡತಿ ಹೊನ್ನಿ ಠಾಣೆಯ ಮೆಟ್ಟಿಲ ಮೇಲೆ ಎದೆ ಬಡಿದುಕೊಂಡು ನಿಜ ಹೇಳಿದ್ದಳು. ಕುಡುಕನ ಹೆಂಡತಿಯ ಮಾತು ಕೇಳಬೇಡಿ ಎಂದು ಒಡೆಯ ನಕ್ಕಿದ್ದ.

ಈ ಸಲ ಮಳೆ ಹತ್ತಿರಾದರೂ ಆ ಮಾಡು ಹತ್ತಲು ಬೇರೆ ಯಾರೂ ಒಪ್ಪಲಿಲ್ಲ. ಜಟ್ಟ ಒಪ್ಪಿದ. ಒಂದು ಬದಿ ಬಿಚ್ಚಿ, ಹೊದಿಸಿ, ಆಮೇಲೆ ಇನ್ನೊಂದಕ್ಕೆ ಕೈಹಾಕಬೇಕೆಂದು ತಾಕೀತು ಮಾಡಿ ಒಡೆಯ ಗೋವೆಗೆ ಹೋದ. ಅವನು ಬರುವ ನಾಲ್ಕು ದಿನದೊಳಗೆ ಜಟ್ಟ ನಾಲ್ಕೂ ಬದಿಯ ಹಂಚು ಇಳಿಸಿದ. ಹೊನ್ನಿ ಒಂದನ್ನೂ ಒಡೆಯದೆ ಹಿತ್ತಿಲಲ್ಲಿ ಪೇರಿಸಿಟ್ಟಳು.

ಒಡೆಯನ ಕಾರು ಗುಡ್ಡ ಹತ್ತುವಾಗ ಸಮುದ್ರದ ಮೇಲೆ ಮೋಡ ಕರ್ರಗೆ ಕಟ್ಟಿತ್ತು. ಜಟ್ಟ ಆಗಲೇ ಏಣಿಯನ್ನು ಹೆಗಲಿಗೇರಿಸಿದ್ದ. ಒಡೆಯ ಅವನ ಅವ್ವನನ್ನೂ ಅಜ್ಜಿಯನ್ನೂ ಎಳೆದು ಬೈದ. ಆಕಾಶ ನೋಡಿದ ಮೇಲೆ ದನಿ ಇಳಿಯಿತು. ಕೈ ಮುಗಿಯುತ್ತೇನೆ, ಮೇಲೆ ಪ್ಲಾಸ್ಟಿಕ್ ತಾಡಪಾಲನ್ನಾದರೂ ಕಟ್ಟಿ ಹೋಗು ಎಂದ.

"ನಮ್ಮ ಮನ್ಯೋರು ಈ ಮಾಡು ಹತ್ತಲೇ ಇಲ್ಲ ಅಂತ ನೀವೇ ಬರ್ಸೀರಲ್ಲ ಒಡೆಯಾ," ಎಂದ ಜಟ್ಟ. "ನಮ್ಗೆ ತೆಂಗಿನ ಮರ ಹತ್ತೂದೊಂದೇ ಗೊತ್ತು."

ಹೊನ್ನಿ ಏಣಿಯ ಹಿಂದಿನ ತುದಿಗೆ ಹೆಗಲು ಕೊಟ್ಟಳು. ಅರ್ಧ ಗುಡ್ಡ ಇಳಿಯುವಷ್ಟರಲ್ಲಿ ಮಳೆ ಹುಯ್ಯತೊಡಗಿತು. ಅವಳು ತಿರುಗಿ ನೋಡಿದಳು. ತೆರೆದ ಬಾಗಿಲುಗಳೊಳಗೆ ಒಡೆಯ ಸಾಹೇಬನ ಕಾಲದ ಬೀಟೆ ಮೇಜನ್ನು ಒಬ್ಬನೇ ಎಳೆಯುತ್ತ ಕೋಣೆಯಿಂದ ಕೋಣೆಗೆ ಹೋಗುತ್ತಿದ್ದ. ಯಾವ ಕೋಣೆಯ ಮೇಲೂ ಮಾಡು ಇರಲಿಲ್ಲ.