ಅಳಿಯನಿಗೆ ಮೀಸಲಿಟ್ಟ ಮರ

ನನ್ನ ತಮ್ಮ ಅಲ್ತಾಫ್ ಕೆಟ್ಟವನಲ್ಲ. ಆದರೆ ಅವನ ತಲೆಯಲ್ಲಿ ಒಂದು ಮಾತು ಕೂತಿತೆಂದರೆ ಅದನ್ನು ಇಳಿಸಲು ಯಾರಪ್ಪನ ಕೈಲೂ ಆಗುವುದಿಲ್ಲ. ಚಳಿ ಶುರುವಾದರೆ ಅವನ ಕೆಲಸ ಈಚಲು ಮರ ಹತ್ತುವುದು. ಸಂಜೆ ಮರದ ಕುತ್ತಿಗೆ ಕೆತ್ತಿ ಮಡಕೆ ಕಟ್ಟಿ ಬರುತ್ತಾನೆ, ಬೆಳಕು ಹರಿಯುವ ಹೊತ್ತಿಗೆ ರಸ ತುಂಬಿದ ಮಡಕೆ ಇಳಿಸುತ್ತಾನೆ. ನಮ್ಮಪ್ಪನೂ ಅದನ್ನೇ ಮಾಡಿದ್ದ. ಮಧುಮತಿ ನದಿಯ ಈ ದಂಡೆಯಲ್ಲಿ ಪೌಷ ಮಾಸದ ಚಳಿಯ ಬೆಳಿಗ್ಗೆ ಒಂದು ಲೋಟ ಹಸಿ ರಸ ಕುಡಿಯದವರು ಯಾರಿದ್ದಾರೆ ತೋರಿಸಿ.

ಹಿಂದೊಮ್ಮೆ ಆರೋಗ್ಯ ಇಲಾಖೆಯ ಹುಡುಗಿಯರು ಬಂದು ಅಂಗಳದಲ್ಲಿ ಚಿತ್ರ ಹರಡಿ ಹೇಳಿದ್ದರು. ಕತ್ತಲಾದ ಮೇಲೆ ಬಾವಲಿ ಬಂದು ಮರದ ಗಾಯವನ್ನು ನೆಕ್ಕುತ್ತದೆ, ಮಡಕೆಯೊಳಗೆ ಉಚ್ಚೆ ಹೊಯ್ಯುತ್ತದೆ, ಅದರಲ್ಲಿ ನಿಪಾ ಅನ್ನುವ ವೈರಸ್ ಇರುತ್ತದೆ, ಅದು ತಲೆಗೇರಿದರೆ ಬದುಕುವವರು ಕಡಿಮೆ, ಔಷಧಿಯೇ ಇಲ್ಲ. ಕಾಯಿಸಿ ಬೆಲ್ಲ ಮಾಡಿ, ಹಸಿ ಮಾತ್ರ ಕುಡಿಯಬೇಡಿ. ಕುಡಿಯಲೇಬೇಕು ಅಂತಿದ್ದರೆ ಮಡಕೆಗೆ ಅಡ್ಡ ಬಿದಿರಿನ ತಟ್ಟಿಯನ್ನಾದರೂ ಕಟ್ಟಿ ಅಂದರು. ಅಲ್ತಾಫ್ ಕಟ್ಟಿದ. ಆದರೆ ಸಂತೆಗೆ ಹೋಗುವ ರಸದ ಮರಗಳಿಗೆ ಮಾತ್ರ, ಯಾಕೆಂದರೆ ಅಲ್ಲಿ ಗಿರಾಕಿಗಳು ಕೇಳುತ್ತಾರೆ. ಕೊಳದ ದಡದ ಹಳೇ ಮರ ಮನೆಯವರಿಗೆ. ಅದಕ್ಕೆ ಕಟ್ಟಲಿಲ್ಲ.

"ಅದೊಂದಕ್ಕೂ ಕಟ್ಟೋ ಮಾರಾಯಾ," ಅಂದೆ.

"ಗಿಳಿ ಕಚ್ಚಿದ ಪೇರಲೆಹಣ್ಣು ಸಿಹಿ ಇರಲ್ವಾ ಬುಬು?" ಅಂದ. ಬುಬು ಅಂದರೆ ನಾನು, ಅವನ ಅಕ್ಕ ಜೊಹುರಾ. "ಬಾವಲಿಗೂ ನಾಲಿಗೆ ಇದೆ. ಅದು ಹುಡುಕ್ಕೊಂಡು ಬರೋ ಮರಾನೇ ಒಳ್ಳೇ ಮರ. ಅಪ್ಪ ಜೀವಮಾನವೆಲ್ಲ ಇದನ್ನೇ ಕುಡಿದ."

"ಅಪ್ಪ ಐವತ್ತು ದಾಟ್ಲಿಲ್ಲ."

"ಹಾವು ಕಚ್ಚಿ ಸತ್ತ. ರಸ ಕುಡಿದು ಸಾಯ್ಲಿಲ್ಲ."

ಇಂಥವನ ಹತ್ತಿರ ಏನು ಮಾತಾಡೋದು?

ಅವನ ದೊಡ್ಡ ಮಗಳು ಕೊಹಿನೂರಳ ಮದುವೆಯಾಗಿ ಅದು ಮೊದಲ ಚಳಿಗಾಲ. ಗಂಡ ಮೊಫಜ್ಜಲ್‌ನನ್ನು ಕರೆದುಕೊಂಡು ತವರಿಗೆ ಬಂದಳು. ಪೇಟೆಯಲ್ಲಿ ಸೈಕಲ್ ರಿಪೇರಿ ಮಾಡುವ ಹುಡುಗ, ನಕ್ಕರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ, ಅಷ್ಟು ನಾಚಿಕೆ. ಮೊದಲ ಚಳಿಗೆ ಬಂದ ಅಳಿಯನಿಗೆ ನಮ್ಮಲ್ಲಿ ಕೆಲವು ದಿನ ಕೆತ್ತದೆ ಬಿಡುವು ಕೊಟ್ಟ ಮರದ ಮೊದಲ ಮಡಕೆಯೇ ಸಲ್ಲಬೇಕು, ಅದೂ ಹಸಿಯಾಗಿ, ಅದೂ ಮಂಜು ಕರಗುವ ಮೊದಲು. ಅಲ್ತಾಫ್ ಕೊಳದ ದಡದ ಮರವನ್ನು ಅವನಿಗಾಗಿಯೇ ಮೀಸಲಿಟ್ಟಿದ್ದ. ಹುಡುಗ ಚಳಿಗೆ ನಡುಗುತ್ತಾ ನಿಂತು ಗಟಗಟ ಕುಡಿದ. ಮಾವ ಬಲವಂತ ಮಾಡಿ ಇನ್ನೊಂದು ಲೋಟ ಕುಡಿಸಿದ. ಉಳಿದದ್ದನ್ನು ಅಲ್ತಾಫನ ಹೆಂಡತಿ ಹಾಸ್ನಾ ಪಾಯಸಕ್ಕೆ ಕುದಿಯಲು ಸುರಿದಳು. ಹಾಗಾಗಿ ನಾವೆಲ್ಲ ಉಳಿದೆವು.

ವಾರ ತುಂಬುವುದರೊಳಗೆ ಅವನಿಗೆ ಜ್ವರ ಬಂತು. ತಲೆ ಸಿಡಿಯುತ್ತಿದೆ ಅಂದ. ಮಾರನೇ ದಿನ ಮಾವನನ್ನು ಯಾರು ನೀನು ಅಂತ ಕೇಳಿದ. ನನಗೆ ಆ ಹುಡುಗಿಯರು ತಂದಿದ್ದ ಚಿತ್ರಗಳು ಕಣ್ಣಿಗೆ ಕಟ್ಟಿದವು, ರೋಗಿಯ ಎಂಜಲಿನಿಂದ ಇನ್ನೊಬ್ಬರಿಗೂ ತಗುಲುತ್ತದೆ ಅಂದದ್ದು ನೆನಪಾಯಿತು.

"ಕೊಹಿನೂರ್, ದೂರ ಕೂತ್ಕೋ ಮಗಳೇ. ಅವನ ಕೆಮ್ಮು, ಜೊಲ್ಲು ತಾಗಬಾರದು. ಅವನು ಉಂಡ ತಟ್ಟೆ ಮುಟ್ಟಬೇಡ," ಅಂದೆ.

ಅಷ್ಟರಲ್ಲಿ ಅವಳ ಅತ್ತೆ ಬಂದು ಇಳಿದಿದ್ದಳು. ಮಗನ ತಲೆಯ ಹತ್ತಿರ ಕೂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಚೆನ್ನಾಗಿದೆ ನಿಮ್ಮನೆ ಬುದ್ಧಿ," ಅಂದಳು. "ಗಂಡ ಬಾಯಿ ಬಾಯಿ ಬಿಡ್ತಾ ಬಿದ್ದಿದ್ದಾನೆ, ಹೆಂಡ್ತಿ ಬಾಗಿಲಲ್ಲಿ ನಿಂತು ತಮಾಷೆ ನೋಡ್ಬೇಕಾ? ಮದುವೆಯಾಗಿ ವರ್ಷ ತುಂಬಿಲ್ಲ, ಆಗ್ಲೇ ಗಂಡನ ಎಂಜಲು ಹೇಸಿಗೆ ಆಯ್ತಾ?"

"ಹೇಸಿಗೆ ಅಲ್ಲಮ್ಮಾ, ರೋಗ."

"ರೋಗ ಕೊಟ್ಟೋರು ಯಾರು? ಇಲ್ಲಿಗೆ ಬರೋವಾಗ ನನ್ ಮಗ ಕಲ್ಲುಗುಂಡಿನ ಹಾಗಿದ್ದ."

 ಅಲ್ತಾಫ್ ತಲೆ ತಗ್ಗಿಸಿದ. ಕೊಹಿನೂರ್ ಎದ್ದು ಹೋಗಿ ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅವನ ಬಾಯಿಂದ ಇಳಿದ ನೊರೆಯನ್ನು ಸೆರಗಿನಿಂದ ಒರೆಸಿದಳು, ಅದೇ ಸೆರಗಿನಿಂದ ತನ್ನ ಕಣ್ಣನ್ನೂ ಒರೆಸಿಕೊಂಡಳು. ಅವನು ಬಿಟ್ಟ ಗಂಜಿಯನ್ನು ಅತ್ತೆ ನೋಡುತ್ತಿದ್ದಾಳೆಂದು ತಾನೇ ಕುಡಿದು ಮುಗಿಸಿದಳು. ನಾನು ತೋಳು ಹಿಡಿದು ಎಳೆದೆ, ಬೈದೆ, ಕೊನೆಗೆ ಕೈಮುಗಿದೆ.

"ಬಿಡು ಫುಪು," ಅಂದಳು. ಸೋದರತ್ತೆ ಅಂತ ನನ್ನನ್ನು ಹಾಗೇ ಕರೆಯುತ್ತಿದ್ದಳು. "ನಾಳೆ ಇವರು ಹುಷಾರಾಗಿ ಎದ್ದು, ನೀನು ಎಲ್ಲಿದ್ದೆ ಅಂತ ಕೇಳಿದ್ರೆ ನಾನೇನು ಹೇಳ್ಲಿ?"

ಅವನು ಏಳಲಿಲ್ಲ. ಜಿಲ್ಲಾ ಆಸ್ಪತ್ರೆಗೆ ಸೇರಿಸಿದ ಮಾರನೇ ದಿನವೇ ಹೋದ. ಡಾಕ್ಟರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ರಕ್ತ ತೆಗೆದರು. ಯಾರಿಗಾದರೂ ಮೈ ಬಿಸಿಯಾದರೆ ಕೂಡಲೇ ಬರಬೇಕು, ಒಬ್ಬರೇ ಜೊತೆಗೆ ಬರಬೇಕು, ಬಂದವರೂ ಮುಟ್ಟಬಾರದು ಅಂದರು. ಅಲ್ಲಿಂದ ನಮಗೆ ಒಂದೇ ಕೆಲಸ, ಕೊಹಿನೂರಳ ಮುಖ ನೋಡುವುದು. ಅವಳು ಕೆಮ್ಮಿದರೆ ಎಲ್ಲರ ಕೈ ನಿಂತುಹೋಗುತ್ತಿತ್ತು. ಅಲ್ತಾಫ್ ಕೊಡಲಿ ತಗೊಂಡು ಹೋಗಿ ಕೊಳದ ದಡದ ಮರ ಕಡಿದು ಹಾಕಿದ. ಈಗ ಕಡಿದು ಏನು ಉಪಯೋಗವೋ ಮೂರ್ಖಾ ಅಂತ ನಾನು ಹೇಳಲಿಲ್ಲ. ಆ ಒಂದು ದಿನ ನನ್ನ ಬಾಯಿಗೂ ಬುದ್ಧಿ ಬಂದಿತ್ತು.

ಎಂಟು ಹತ್ತು ದಿನ ಕಳೆಯಿತು. ಇನ್ನು ಜ್ವರ ಬರಲಿಕ್ಕಿಲ್ಲ ಅಂತ ಹಾಸ್ನಾ ಅವತ್ತು ಮೀನು ತರಿಸಿ ಸಾರು ಮಾಡಿದ್ದಳು. ಕೊಹಿನೂರ್ ಎರಡು ತುತ್ತು ತಿಂದು ತಟ್ಟೆ ಸರಿಸಿದಳು. ತಲೆ ನೋಯ್ತಿದೆ ಅಂದಳು.

ಹಾಸ್ನಾ ಎದ್ದು ಓಡಿದಳು. ನಾನು ಅಡ್ಡ ನಿಂತೆ.

"ಮುಟ್ಟಬೇಡ. ತೂಲಿಗೆ ಯಾರು ದಿಕ್ಕು?" ತೂಲಿ ಹಾಸ್ನಾಳ ಚಿಕ್ಕ ಕೂಸು, ಇನ್ನೂ ಎದೆಹಾಲು ಕುಡಿಯುತ್ತಿತ್ತು. "ಒಬ್ಬಳನ್ನ ನೋಡ್ಕೊಳ್ಳೋಕೆ ಹೋಗಿ ಇಬ್ಬರನ್ನೂ ಕಳ್ಕೋತೀಯಾ? ನಾನು ಹೋಗ್ತೀನಿ. ನನಗೆ ಗಂಡ ಇಲ್ಲ, ಮಕ್ಕಳಿಲ್ಲ, ನಾನು ಸತ್ತರೆ ಅಳೋರೂ ಇಲ್ಲ."

"ಅವಳು ನನ್ನ ಹೊಟ್ಟೇಲಿ ಹುಟ್ಟಿದ್ದು ಬುಬು."

"ಅದಕ್ಕೇ ನಿನ್ನ ಕಳಿಸಲ್ಲ. ನೀನು ಹೋದ್ರೆ ತಬ್ಕೊಳ್ದೆ ಇರಲ್ಲ."

ಹಾಸ್ನಾ ನನ್ನ ಕೈ ಕಚ್ಚಿದಳು. ಸುಳ್ಳಲ್ಲ, ಗುರುತು ಇನ್ನೂ ಇದೆ. ಅಲ್ತಾಫ್ ಅವಳನ್ನು ಹಿಂದಿನಿಂದ ಹಿಡಿದುಕೊಂಡ. ಕೊಹಿನೂರ್ ಅಂಗಳದಲ್ಲಿ ನಿಂತು ಎಲ್ಲ ನೋಡಿದಳು. ತಾನಾಗಿಯೇ ನಡೆದು ಹೋಗಿ ಗಾಡಿ ಹತ್ತಿದಳು. "ಮಾ, ನೀನು ಬರಬೇಡ. ನಾಳೆ ನಾಡಿದ್ದು ನಾನೇ ಬರ್ತೀನಿ," ಅಂದಳು. ತಾಯಿಯನ್ನು ಸಮಾಧಾನ ಮಾಡುವಷ್ಟು ಬುದ್ಧಿ ಆಗ ಅವಳಿಗಿತ್ತು.

ಆಸ್ಪತ್ರೆಯಲ್ಲಿ ನನಗೆ ಮೈಮುಚ್ಚುವ ಪ್ಲಾಸ್ಟಿಕ್ ಅಂಗಿ, ಕೈಗೆ ರಬ್ಬರ್ ಗವಸು, ಮುಖಕ್ಕೆ ಮುಸುಕು ತೊಡಿಸಿದರು. ಕಣ್ಣೆರಡು ಬಿಟ್ಟರೆ ನನ್ನದೇನೂ ಹೊರಗೆ ಕಾಣುತ್ತಿರಲಿಲ್ಲ. ನಾನು ಮಂಚದಿಂದ ಒಂದು ಮಾರು ದೂರ ಸ್ಟೂಲಿನ ಮೇಲೆ ಕೂರಬೇಕು, ಬೇಕಾದ್ದನ್ನು ನರ್ಸಿಗೆ ಹೇಳಬೇಕು. ಪಾಪ, ಅವರು ಮಾಡುವಷ್ಟು ಮಾಡಿದರು. ಮೂಗಿಗೆ ಗಾಳಿ ಕೊಟ್ಟರು, ನರಕ್ಕೆ ನೀರು ಏರಿಸಿದರು. ಜ್ವರ ಇಳಿಯಲಿಲ್ಲ. ಕೊಹಿನೂರ್ ಮೊದಮೊದಲು ನನ್ನನ್ನು ಗುರುತು ಹಿಡಿಯುತ್ತಿದ್ದಳು. ಆಮೇಲೆ ಗಂಡನಿಗೆ ಅನ್ನ ಬಡಿಸಬೇಕು, ಬಿಡಿ ನನ್ನ ಅಂತ ನರ್ಸಿನ ಜೊತೆ ಜಗಳಕ್ಕೆ ನಿಂತಳು. ಆಮೇಲೆ ತಾಯಿಯ ಮಾತೊಂದನ್ನೇ ಹಿಡಿದಳು. ಮಾ ಎಲ್ಲಿ, ಮಾ ಯಾಕೆ ಬರಲಿಲ್ಲ, ಮಾ ನನ್ನ ಮೇಲೆ ಸಿಟ್ಟಾಗಿದ್ದಾಳಾ.  ಕೊನೆಯ ಸಂಜೆ ನನ್ನ ಕಡೆ ತಿರುಗಿ, "ಮಾ, ಬಂದೆಯಾ?" ಅಂದಳು.

"ಬಂದೆ ಮಗಳೇ," ಅಂದೆ.

ಅವಳನ್ನು ಆಸ್ಪತ್ರೆಯವರೇ ತೊಳೆದು, ಸುತ್ತಿ, ಮಣ್ಣು ಮಾಡಿದರು. ಹಾಸ್ನಾಗೆ ಮುಖ ತೋರಿಸಲಿಲ್ಲ. ಮನೆಗೆ ಬಂದ ಮೇಲೆ ನನ್ನನ್ನು ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಒಬ್ಬಳನ್ನೇ ಇರಿಸಿದರು. ದಿನಾ ಬೆಳಿಗ್ಗೆ ಹಣೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ, ಬಂದರೆ ಬರಲಿ ಅಂತ. ಬರಲಿಲ್ಲ. ನನ್ನಂಥ ಒಣಕಲು ಮುದುಕಿಯನ್ನು ಬಿಟ್ಟು ಚಿಗುರನ್ನೇ ಹುಡುಕಿ ತಿನ್ನುವ ಕಾಯಿಲೆ ಇದೆಂಥದು? ಡಾಕ್ಟರು ಇನ್ನು ಭಯವಿಲ್ಲ ಅಂದ ಮೇಲೆ ಹೊರಗೆ ಬಂದೆ. ಊರವರು ಹೊಗಳಿದರು. ಜೊಹುರಾ ಇಲ್ಲದಿದ್ದರೆ ತಾಯಿ ಕೂಸು ಎರಡೂ ಹೋಗುತ್ತಿದ್ದವು ಅಂದರು.

 ನಾನು ಹೊರಗೆ ಬಂದ ದಿನ ಹಾಸ್ನಾ ಅಂಗಳದಲ್ಲಿ ತೂಲಿಗೆ ಎಣ್ಣೆ ಹಚ್ಚುತ್ತಿದ್ದಳು. ನಾನು ಎದುರಿಗೆ ಹೋಗಿ ಕೂತೆ.

"ನನ್ನ ಕೇಳಿದ್ಳಾ?" ಅಂದಳು.

ಇಲ್ಲ, ಪ್ರಜ್ಞೆಯೇ ಇರಲಿಲ್ಲ ಅನ್ನಬೇಕೆಂದು ಮನಸ್ಸಿನಲ್ಲೇ ಎಷ್ಟೋ ಸಲ ಅಂದುಕೊಂಡು ಬಂದಿದ್ದೆ. ಅವಳ ಮುಖ ನೋಡಿದ ಮೇಲೆ ಸುಳ್ಳು ಬಾಯಿಗೆ ಬರಲಿಲ್ಲ.

"ಕೇಳಿದ್ಳು. ಕಡೆಗೆ ನನ್ನನ್ನೇ ನೀನು ಅಂದ್ಕೊಂಡ್ಳು. ನಾನೂ ಹೂಂ ಅಂದೆ."

ಹಾಸ್ನಾಳ ಕೈ ಕೂಸಿನ ಹೊಟ್ಟೆಯ ಮೇಲೆ ನಿಂತಿತು. "ಆಮೇಲೆ?"

"ತಬ್ಕೋ ಅಂದ್ಳು."

"ತಬ್ಕೊಂಡೆಯಾ?"

ಮಂಚದ ಹತ್ತಿರದವರೆಗೆ ಹೋಗಿದ್ದೆ. ಅವಳು ಎರಡೂ ಕೈ ಚಾಚಿದ್ದಳು. ಮನೆಯಲ್ಲಿ ತೂಲಿ ಇದ್ದಾಳೆ, ನಾನು ಮತ್ತೆ ಅದೇ ಮನೆಗೆ ಹೋಗಬೇಕು ಅನ್ನುವುದು ತಲೆಗೆ ಬಂತು. ಅಲ್ಲೇ ನಿಂತುಬಿಟ್ಟೆ. ಅವಳ ಕೈಗಳು ಸ್ವಲ್ಪ ಹೊತ್ತು ಹಾಗೇ ಇದ್ದವು, ಆಮೇಲೆ ಬಿದ್ದವು.

"ಇಲ್ಲ," ಅಂದೆ.

ಹಾಸ್ನಾ ತೂಲಿಯನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡಳು. 

"ಮಾ ಬಂದಳು, ಬಂದೂ ಮುಟ್ಟಲಿಲ್ಲ ಅಂದ್ಕೊಂಡೇ ಹೋದ್ಳು ನನ್ ಮಗಳು," ಅಂದಳು. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.