ಎನಾಕನ ಮೂಲೆ

ನಮ್ಮ ಯಾರ್ಕ್‌ಷೈರ್ ಕಣಿವೆಯ ಥ್ರಾಕ್‌ಬಿ ಹಳ್ಳಿಯಲ್ಲಿ ಇರುವುದು ಒಂದೇ ಪಬ್ಬು, ಹೆಸರು 'ಕರಿ ಟಗರು'. ಒಡತಿ ಮಾರ್ಜರಿ ಹೆಪ್‌ವರ್ತ್. ಒಲೆಯ ಪಕ್ಕದ ಮೂಲೆ ಎನಾಕ್ ಸಗ್ಡನ್ ಎಂಬ ಮುದಿ ಕುರಿಗಾಹಿಯದು. ಮೂವತ್ತು ವರ್ಷ ಅವನು ಅಲ್ಲೇ ಕೂತು ಬಿಯರು ಹೀರುತ್ತ, ಒಳಬಂದವರನ್ನೆಲ್ಲ ಬೈದಿದ್ದ.

ಕಳೆದ ವರ್ಷ ಲಂಡನ್ನಿನಿಂದ ಟಿವಿ ಧಾರಾವಾಹಿಯವರು ಬಂದರು. ಕೊಲೆಯ ಕತೆ, ಹಳ್ಳಿಯ ಹಳೇ ಪಬ್ಬು ಬೇಕಿತ್ತು. ನಿರ್ದೇಶಕ ಪಿಯರ್ಸ್ ಸುತ್ತ ನೋಡಿ, "ಅದ್ಭುತ! ಒಂದು ಮೊಳೇನೂ ಅಲುಗಿಸಲ್ಲ" ಎಂದ. ಮರುದಿನ ನಾಲ್ಕು ಲಾರಿ ಸಾಮಾನು ಇಳಿಯಿತು. ಮುನ್ನೂರು ವರ್ಷದ ಓಕ್ ತೊಲೆಗಳ ಮೇಲೆ ಥರ್ಮಕೋಲಿನ ತೊಲೆ ಹೊಡೆದರು. ಅವು ಇನ್ನೂ ಹಳೆಯವಾಗಿ ಕಾಣುತ್ತವಂತೆ. ಗೋಡೆಯ ಮಸಿಯನ್ನು ಉಜ್ಜಿ ತೊಳೆದು, ಮೇಲೆ ಮಸಿಬಣ್ಣ ಬಳಿದರು.

ಕತೆಯಲ್ಲಿ ಮೂಲೆಯ ಮುದುಕನ ಪಾತ್ರವೊಂದಿತ್ತು. ಎನಾಕ್ ಎಂದಿನ ಕೊಳಕು ಕೋಟಿನಲ್ಲೇ ಹಾಜರಾದ.

"ಬೇಜಾರು ಮಾಡ್ಕೋಬೇಡಿ ಅಜ್ಜ," ಎಂದ ಪಿಯರ್ಸ್, "ನೀವು ಹಳ್ಳಿಯವರ ಥರ ಕಾಣಲ್ಲ."

"ಮತ್ತೆ ಯಾರ ಥರ ಕಾಣ್ತೀನಯ್ಯಾ, ಬಿಷಪ್ಪನ ಥರಾನಾ?"

ಪಾತ್ರ ಲಂಡನ್ನಿನ ನಟನೊಬ್ಬನ ಪಾಲಾಯಿತು. ಅವನು ವಾರವಿಡೀ ಎನಾಕನ ಬೆನ್ನುಹತ್ತಿ ಅವನ ಕೆಮ್ಮು ಕಲಿತ.

ಧಾರಾವಾಹಿ ಗೆದ್ದಿತು. ಬಸ್ಸುಗಟ್ಟಲೆ ಜನ ಬರತೊಡಗಿದರು. ಮಾರ್ಜರಿ ಥರ್ಮಕೋಲನ್ನು ಕೀಳಿಸಲಿಲ್ಲ. ಬಂದವರು ಅದನ್ನು ಸವರಿ, "ಆಗಿನವರ ಕೆಲಸ ಅಂದ್ರೆ ಇದಪ್ಪಾ!" ಎಂದು ನಿಟ್ಟುಸಿರಿಡುತ್ತಿದ್ದರು. ಒಂದು ದಿನ ಎನಾಕ್ ಬಂದಾಗ ಮೂಲೆಗೆ ಕೆಂಪು ಹಗ್ಗ ಬಿಗಿದಿತ್ತು, ಕುರ್ಚಿಯ ಮೇಲೆ ನಟನ ಫೋಟೋ.

"ಇದೇನೇ ಮಾರ್ಜರಿ, ಬದುಕಿರೋವಾಗ್ಲೇ ನಂಗೆ ಸಮಾಧಿ ಕಟ್ಟಿದೀಯಾ?"

"ನಿಂದಲ್ಲ ಬಿಡೋ, ಅವನ್ದು. ಇಲ್ಲೇ ನಿಂತ್ಕೊಂಡು ಕುಡಿ."

"ನಿಂತ್ಕೊಂಡು ಕುಡಿಯೋಕೆ ನಾನೇನು ಕುದುರೇನಾ?"

ಅವನು ಹೊರಟೇಹೋದ. ಹಿಂದೆಯೇ ಊರಿನ ಹಳೇ ಗಿರಾಕಿಗಳಾದ ನಾವೂ ಹೊರಟೆವು. ಕ್ರಿಕೆಟ್ ಮೈದಾನದ ಶೆಡ್ಡಿಗೆ ಒಂದು ಪೀಪಾಯಿ ಬಿಯರು ಉರುಳಿಸಿಕೊಂಡು ಹೋದೆವು. ಮುರುಕು ಬೆಂಚು, ಕಾಲುಚೀಲದ ನಾತ. ಎನಾಕ್ ಸೋರುವ ಮೂಲೆಯನ್ನೇ ಆರಿಸಿಕೊಂಡು ಕೂತು ನಮ್ಮನ್ನು ಬೈಯತೊಡಗಿದ. ನಮಗೂ ಜೀವ ಬಂದಂತಾಯಿತು.

ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ ಶೆಡ್ಡಿನ ಬಾಗಿಲು ತೆರೆಯಿತು. ಏಪ್ರನ್ನಿನಲ್ಲೇ ಮಾರ್ಜರಿ ನಿಂತಿದ್ದಳು, ತಟ್ಟೆಯಲ್ಲಿ ಅರ್ಧ ತಿಂದ ಹಂದಿಮಾಂಸದ ಕಡುಬು.

"ನನ್ನ ಪಬ್ಬಲ್ಲೇ ಕೂತು ತಿನ್ನೋಕೆ ನಂಗೆ ಜಾಗ ಇಲ್ಲ," ಎಂದಳು. "ಒಬ್ಳು ನನ್ನನ್ನೇ ಕೇಳ್ತಾಳೆ, 'ನೀವು ಧಾರಾವಾಹೀಲಿ ಇರ್ಲಿಲ್ವಲ್ಲ, ಒಳಗ್ಯಾಕೆ ನಿಂತಿದೀರಿ? ಫೋಟೋಗೆ ಅಡ್ಡ ಬರ್ತೀರಿ' ಅಂತ."

ಯಾರೂ ನಗಲಿಲ್ಲ, ನಗು ತಡೆಯಲು ಬಹಳ ಕಷ್ಟಪಟ್ಟೆವು. ಎನಾಕ್ ಬೆಂಚಿನಲ್ಲಿ ಪಕ್ಕಕ್ಕೆ ಸರಿದ.

"ಕೂತ್ಕೋ. ಬಾಗ್ಲು ಹಾಕು ಮೊದ್ಲು, ಚಳಿ."

ಅವಳು ಬೂಟು ಕಳಚಿ ಕೂತಳು. ಪ್ರವಾಸಿಗಳ ಕೊನೆಯ ಬಸ್ಸು ಹೊರಡುವ ತನಕ ಏಳಲೇ ಇಲ್ಲ.