ಕೂತಲ್ಲೇ ಶಿರಹಟ್ಟಿಗೆ

ಲಕ್ಷ್ಮೇಶ್ವರದ ಬಸ್ ನಿಲ್ದಾಣದ ಹಿಂದೆ ನಮ್ಮದೊಂದು ಖಾನಾವಳಿ. ಗಂಡ ಮೌನೇಶ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾನೆ. ನಾನು, ಅತ್ತೆ ಸಿದ್ದಲಿಂಗವ್ವ ಒಳಗೆ ರೊಟ್ಟಿ ಬಡಿಯುತ್ತೇವೆ. ಮೊಣಕಾಲು ನೋವೆಂದು ಗದಗಿಗೆ ಹೋದಾಗ ಡಾಕ್ಟರು ತೂಕ ಇಳಿಸಲು ಹೇಳಿದರು. ಮೌನೇಶ ಕೈಗೆ ಕಟ್ಟುವ ಗಡಿಯಾರ ತಂದದ್ದು ಅದಕ್ಕೇ. ಎಷ್ಟು ನಡೆದೆ, ಎಷ್ಟು ಕ್ಯಾಲೊರಿ ಕರಗಿತು ಎಂದು ಅದು ಮೊಬೈಲಿಗೆ ಹೇಳುತ್ತದೆ. ಮೊಬೈಲು ಅದನ್ನು ಊಟದ ಲೆಕ್ಕಕ್ಕೆ ಜಮಾ ಮಾಡಿ, ಇವತ್ತು ಇನ್ನಷ್ಟು ತಿನ್ನಬಹುದು ಎನ್ನುತ್ತದೆ. ಇಂಥ ಉದಾರ ಮನಸ್ಸನ್ನು ನಾನು ತವರಿನಲ್ಲೂ ಕಂಡಿರಲಿಲ್ಲ.

ಬೆಳಿಗ್ಗೆ ನಡೆಯುತ್ತಿದ್ದೆ. ಮಧ್ಯಾಹ್ನ ಮೊಬೈಲಿನ ಅಪ್ಪಣೆಯಂತೆ ಶೇಂಗಾ ಉಂಡಿ ತಿನ್ನುತ್ತಿದ್ದೆ. ಅಪ್ಪಣೆ ಮೀರಿ ಒಂದು ಚೂರೂ ಬಾಯಿಗೆ ಹಾಕಲಿಲ್ಲ. ಆದರೂ ತೂಕ ಏರಿತು.

ಮತ್ತೆ ಗದಗಿಗೆ ಹೋದಾಗ ಡಾಕ್ಟರು ಹುಬ್ಬು ಗಂಟಿಕ್ಕಿದರು. "ಹೇಳಿದಂಗ ಮಾಡಿದ್ರೂ ಏರಾಕತ್ತೈತಿ ಅಂದ್ರ ಒಳಗೇನೈತೋ ನೋಡೂಣು. ಮುಂದಿನ ವಾರ ರಕ್ತ ತಪಾಸಣಿ ಮಾಡ್ಸ್ರಿ."

ಒಳಗೇನೈತೋ! ನನ್ನ ಚಿಕ್ಕವ್ವ ಹೀಗೇ ದಪ್ಪಗಾಗುತ್ತ ಹೋಗಿ, ಕೊನೆಗೆ ಅವಳ ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಿತ್ತು. ಅವಳು ಉಳಿಯಲಿಲ್ಲ. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಮೌನೇಶನ ಮೇಲೆ ವಾರವಿಡೀ ರೇಗಾಡಿದೆ. ಹೆದರಿಕೆಯಾದರೆ ನನಗೆ ಬರುವುದು ಸಿಟ್ಟೇ.

ಗದಗಿಗೆ ಹೋಗುವ ಹಿಂದಿನ ದಿನ, ಗಡಿಯಾರದ ಪಟ್ಟಿಯ ಕೆಳಗೆ ತುರಿಕೆ ಎದ್ದಿತೆಂದು ಅದನ್ನು ಬಿಚ್ಚಿಟ್ಟೆ. ಅತ್ತೆ ಕೈ ಮುಂದೆ ಮಾಡಿದರು.

"ನಂಗೂ ಕಟ್ಟವಾ, ನೋಡೂಣು."

ಕಟ್ಟಿದೆ. ಅವರು ಕೂತಲ್ಲೇ ಟಪಟಪ ರೊಟ್ಟಿ ಬಡಿಯತೊಡಗಿದರು, ನಾನು ಹಂಚಿನ ಮೇಲೆ ಬೇಯಿಸುತ್ತ ಹೋದೆ. ಬುಟ್ಟಿ ತುಂಬುವ ಹೊತ್ತಿಗೆ ಅತ್ತೆ ಬೆಚ್ಚಿಬಿದ್ದರು.

"ಅಯ್ಯ, ಇದು ನಡುಗಾಕತ್ತೈತಲ್ಲ!"

ಮೊಬೈಲು ತೆರೆದೆ. ಇಂದಿನ ನಡಿಗೆಯ ಗುರಿ ಮುಟ್ಟಿದಿರಿ, ಅಭಿನಂದನೆಗಳು ಎಂದಿತ್ತು. ಅತ್ತೆ ಕೂತ ಮಣೆಯಿಂದ ಎದ್ದೇ ಇರಲಿಲ್ಲ.

"ನೀವು ಶಿರಹಟ್ಟಿ ತನಕ ನಡದೀರಂತ್ರಿ, ಅತ್ತಿ."

"ಅಷ್ಟು ದೂರ ಹೋಗಿ ಮಠದಾಗ ಫಕ್ಕೀರಸ್ವಾಮಿಗೆ ಕೈ ಮುಗೀದನ ಬಂದ್ನೇನು?"

ನಕ್ಕೆ. ನಗುತ್ತಿದ್ದಂತೆ ಹಂಚಿನ ಮೇಲಿದ್ದ ರೊಟ್ಟಿ ಸೀಯತೊಡಗಿತು. ದಿನಾ ನಾನೂ ಅದನ್ನು ಕಟ್ಟಿಕೊಂಡೇ ಬುಟ್ಟಿಗಟ್ಟಲೆ ಬಡಿಯುತ್ತಿದ್ದೆ. ಒಂದೊಂದು ಬಡಿತವನ್ನೂ ಈ ಗಡಿಯಾರ ಹೆಜ್ಜೆ ಎಂದು ಎಣಿಸಿತ್ತು. ಆ ಹೆಜ್ಜೆಗಳನ್ನೆಲ್ಲ ನಾನು ಉಂಡಿ ಮಾಡಿ ತಿಂದಿದ್ದೆ.

"ಅತ್ತಿ, ನಂಗ ಏನೂ ಆಗಿಲ್ರಿ! ನಾ ತಿಂದೀನಿ, ಅಷ್ಟ!" ಎನ್ನುತ್ತ ಬಿಕ್ಕಿಬಿಕ್ಕಿ ಅತ್ತುಬಿಟ್ಟೆ.

"ತಿಂದಿದ್ದು ನಾ ನೋಡಿಲ್ಲೇನು? ಅದಕ್ಯಾಕ ಅಳ್ತಿ?"

ಚಿಕ್ಕವ್ವನ ವಿಷಯ ಆಗ ಹೇಳಿದೆ. ಅತ್ತೆ ಹಿಟ್ಟಿನ ಕೈಯಿಂದಲೇ ನನ್ನ ತಲೆಯನ್ನು ಎದೆಗೊತ್ತಿಕೊಂಡು, "ಒಬ್ಬಾಕೀನ ಇಷ್ಟು ಹೊತ್ಕೊಂಡು ತಿರುಗಿದ್ಯೇನ ಹುಚ್ಚಿ" ಎಂದರು. ಕೂದಲಿಗೆ ಹಿಟ್ಟು ಮೆತ್ತಿತು. ಮೆತ್ತಲಿ ಬಿಡಿ.

ಮರುದಿನ ಮೌನೇಶನ ಜೊತೆ ಗದಗಿಗೆ ಹೋಗಿ ರಕ್ತ ಕೊಟ್ಟೆ. ಎಲ್ಲ ಸರಿಯಿತ್ತು. ರೊಟ್ಟಿಯ ಕತೆ ಕೇಳಿ ಡಾಕ್ಟರು ನಕ್ಕರು, ಆಮೇಲೆ ಚೆನ್ನಾಗಿ ಬೈದರು. "ನಡದಿದ್ದು ನಡದಿದ್ದಕ್ಕ ಇರ್ಲಿ. ಅದರ ಲೆಕ್ಕಾ ಹಿಡದು ತಿನಬ್ಯಾಡ್ರಿ." ಬೈಸಿಕೊಳ್ಳುವುದು ಇಷ್ಟು ಹಿತವೆಂದು ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಮೌನೇಶ ಕಣ್ಣು ಒರೆಸಿಕೊಂಡು, ದೂಳು ಬಿತ್ತೆಂದ.

ಈಗ ರೊಟ್ಟಿ ಬಡಿಯುವಾಗ ಗಡಿಯಾರ ಗೋಡೆಯ ಮೊಳೆಗೆ ತೂಗುತ್ತಿರುತ್ತದೆ. ತೂಕ ನಿಧಾನವಾಗಿ ಇಳಿಯುತ್ತಿದೆ. ಮಧ್ಯಾಹ್ನ ಉಂಡಿಯ ಡಬ್ಬಿ ಕಂಡಾಗ ಹೊಟ್ಟೆ ಚುರ್ರೆನ್ನುತ್ತದೆ. ಒಳಗಿರುವುದು ಹಸಿವು, ಬರೀ ಹಸಿವು.